ಪೆಪ್ಟೈಡ್: ಹೆಸರು ಒಂದು, ಸರಕು ಮೂರು

ನಂಜನಗೂಡಿಗೂ ಆರೋಗ್ಯದ ಸರಕಿಗೂ ಇರುವ ನಂಟು ಹಳೆಯದು. 1913ರಲ್ಲಿ ಬಿ.ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಊರಿನ ಹೆಸರನ್ನೇ ಹೊತ್ತು ನಾಡಿನ ಮನೆಮನೆಗಳನ್ನು ತಲುಪಿತು. ಇಂದು ಅದೇ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಜುಬಿಲಂಟ್ ಸಂಸ್ಥೆಯ ಔಷಧ ಮೂಲವಸ್ತುಗಳ ತಯಾರಿಕಾ ಘಟಕವಿದೆ. ಅಲ್ಲಿಂದ ಕಪಿಲೆಯ ಜಾಡಿನಲ್ಲಿ ಕೆಳಗೆ ಸಾಗಿದರೆ, ನದಿಯು ಕಾವೇರಿಯನ್ನು ಕೂಡುವ ತಿ. ನರಸೀಪುರದಲ್ಲಿ ಕರ್ನಾಟಕ ರೇಷ್ಮೆ ಕೈಗಾರಿಕೆಗಳ ನಿಗಮದ ನೂಲು ಬಿಚ್ಚುವ ಕಾರ್ಖಾನೆಯಿದೆ. ಮೈಸೂರು ರೇಷ್ಮೆ ಸೀರೆಯ ನೂಲು ಇಲ್ಲಿ ಹೊರಬರುತ್ತದೆ. ಒಂದೆಡೆ ಔಷಧ, ಇನ್ನೊಂದೆಡೆ ರೇಷ್ಮೆ. ಈ ಎರಡೂ ಉದ್ಯಮಗಳಿಗೆ ಸಂಬಂಧಪಟ್ಟ ಒಂದು ಪದ ಇತ್ತೀಚಿನ ವರ್ಷಗಳಲ್ಲಿ ಮಾರುಕಟ್ಟೆಯಲ್ಲಿ ಬಹಳವಾಗಿ ಕೇಳಿಬರುತ್ತಿದೆ. ಅದೇ ಪೆಪ್ಟೈಡ್.

ಗಾಯ ಬೇಗ ಮಾಯುತ್ತದೆ, ಮಂಡಿ ನೋವು ಹೋಗುತ್ತದೆ, ಚರ್ಮದ ಸುಕ್ಕು ಮಾಯವಾಗುತ್ತದೆ, ಆಯುಷ್ಯ ಹೆಚ್ಚುತ್ತದೆ ಎಂಬ ಮಾತುಗಳೊಡನೆ ಈ ಹೆಸರಿನ ಪುಡಿ, ಲೇಪನ ಮತ್ತು ಚುಚ್ಚುಮದ್ದುಗಳು ಮಾರಾಟವಾಗುತ್ತಿವೆ. ಔಷಧ ಅಂಗಡಿ, ವ್ಯಾಯಾಮ ಶಾಲೆ, ಸೌಂದರ್ಯ ಮಳಿಗೆ, ದಿನಸಿ ಅಂಗಡಿ ಹೀಗೆ ಎಲ್ಲ ಬಗೆಯ ವರ್ತಕರ ಬಾಗಿಲಿಗೂ ಇದರ ಪ್ರತಿನಿಧಿಗಳು ಬರುವುದು ಸಹಜ. ಲಾಭಾಂಶವೂ ಆಕರ್ಷಕವಾಗಿ ಕಾಣುತ್ತದೆ. ಆದರೆ ಪೆಪ್ಟೈಡ್ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಸರಕುಗಳಿವೆ. ಒಂದು ಆಹಾರ, ಇನ್ನೊಂದು ಸೌಂದರ್ಯವರ್ಧಕ, ಮತ್ತೊಂದು ಔಷಧ. ಮೂರಕ್ಕೂ ವಿಜ್ಞಾನದ ಆಧಾರ ಬೇರೆ, ಅಪಾಯ ಬೇರೆ, ಕಾನೂನು ಬೇರೆ. ಈ ವ್ಯತ್ಯಾಸವನ್ನು ಅರಿಯದೆ ಸರಕು ತುಂಬಿಸಿಕೊಂಡ ವರ್ತಕನು ತನ್ನ ಗ್ರಾಹಕನ ಆರೋಗ್ಯವನ್ನೂ ತನ್ನ ಪರವಾನಗಿಯನ್ನೂ ಏಕಕಾಲದಲ್ಲಿ ಪಣಕ್ಕಿಟ್ಟಂತಾಗುತ್ತದೆ.

ಪೆಪ್ಟೈಡ್ ಎಂದರೇನು?

ಪ್ರೋಟೀನುಗಳು ಅಮೈನೋ ಆಮ್ಲಗಳೆಂಬ ಸಣ್ಣ ಘಟಕಗಳಿಂದ ಆದ ಉದ್ದನೆಯ ಸರಗಳು. ಮಾನವ ದೇಹದ ಪ್ರೋಟೀನುಗಳಲ್ಲಿ ಮುಖ್ಯವಾಗಿ 20 ಬಗೆಯ ಅಮೈನೋ ಆಮ್ಲಗಳಿವೆ. ಇಂತಹ ಎರಡರಿಂದ ಸುಮಾರು 50 ಮಣಿಗಳಿರುವ ಗಿಡ್ಡ ಸರವನ್ನು ಪೆಪ್ಟೈಡ್ ಎನ್ನುತ್ತಾರೆ. ಅದಕ್ಕಿಂತ ಉದ್ದವಾಗಿ, ಮಡಿಚಿಕೊಂಡು ನಿರ್ದಿಷ್ಟ ಆಕಾರ ತಳೆದುದು ಪ್ರೋಟೀನು. ಈ ಗೆರೆ ಅಷ್ಟೇನೂ ಕಟ್ಟುನಿಟ್ಟಾದುದಲ್ಲ.

ದೇಹವು ಪೆಪ್ಟೈಡ್‌ಗಳನ್ನು ಬಹುಮಟ್ಟಿಗೆ ಸಂದೇಶವಾಹಕಗಳಾಗಿ ಬಳಸುತ್ತದೆ. ಹೆರಿಗೆಯ ಸಮಯದಲ್ಲಿ ಗರ್ಭಕೋಶವನ್ನು ಸಂಕುಚಿಸುವ ಆಕ್ಸಿಟೋಸಿನ್ ಕೇವಲ 9 ಅಮೈನೋ ಆಮ್ಲಗಳ ಸರ. ರಕ್ತದ ಸಕ್ಕರೆಯನ್ನು ಏರಿಸುವ ಗ್ಲುಕಗಾನ್‌ನಲ್ಲಿ 29, ಇಳಿಸುವ ಇನ್ಸುಲಿನ್‌ನಲ್ಲಿ 51 ಇವೆ. ಬೀಗಕ್ಕೆ ಅದರದೇ ಕೀಲಿಕೈ ಹೊಂದುವಂತೆ, ಪ್ರತಿಯೊಂದು ಪೆಪ್ಟೈಡ್ ಜೀವಕೋಶದ ಮೇಲಿನ ನಿರ್ದಿಷ್ಟ ಗ್ರಾಹಿಗೆ ಮಾತ್ರ ಹೊಂದಿಕೊಂಡು ಕೆಲಸ ಮಾಡಿಸುತ್ತದೆ. ಆದುದರಿಂದಲೇ ಅತ್ಯಲ್ಪ ಪ್ರಮಾಣದಲ್ಲಿಯೂ ಅದರ ಪರಿಣಾಮ ದೊಡ್ಡದು.

ಇನ್ನೊಂದು ಸಂಗತಿಯನ್ನು ವರ್ತಕರು ಮುಖ್ಯವಾಗಿ ನೆನಪಿಡಬೇಕು. ಬಾಯಿಯ ಮೂಲಕ ಸೇವಿಸಿದ ಪೆಪ್ಟೈಡ್‌ಗಳಲ್ಲಿ ಬಹುಪಾಲು ಬೇಳೆ, ಹಾಲುಗಳಲ್ಲಿನ ಪ್ರೋಟೀನಿನಂತೆಯೇ ಜಠರ ಮತ್ತು ಕರುಳಿನಲ್ಲಿ ಜೀರ್ಣವಾಗಿ ಒಡೆದುಹೋಗುತ್ತವೆ. ಇನ್ಸುಲಿನ್ ಅನ್ನು ಗುಳಿಗೆಯಾಗಿ ನುಂಗದೆ ಚುಚ್ಚಿಕೊಳ್ಳುವುದು ಈ ಕಾರಣಕ್ಕೆ. ಸೆಮಗ್ಲುಟೈಡ್ ಎಂಬ ಪೆಪ್ಟೈಡ್ ಔಷಧವನ್ನು ಗುಳಿಗೆಯ ರೂಪಕ್ಕೆ ತರಲು ವಿಶೇಷ ಸಹಾಯಕ ರಾಸಾಯನಿಕವನ್ನೇ ಸೇರಿಸಬೇಕಾಯಿತು. ಆದರೂ ನುಂಗಿದುದರಲ್ಲಿ ಶೇ. 1ರಷ್ಟೂ ರಕ್ತವನ್ನು ಸೇರುವುದಿಲ್ಲ. ಹೀಗಿರುವಾಗ ಚುಚ್ಚುಮದ್ದಿನ ಗುಣಗಳನ್ನೆಲ್ಲ ನಾಲಗೆಯ ಕೆಳಗಿಡುವ ಹನಿಗೂ ನುಂಗುವ ಕ್ಯಾಪ್ಸೂಲಿಗೂ ಆರೋಪಿಸಿ ಮಾರುವುದು ವಿಜ್ಞಾನಕ್ಕೆ ಸಮ್ಮತವಲ್ಲ.

ಔಷಧವಾಗಿ ಸಾಬೀತಾದವು

ಪೆಪ್ಟೈಡ್ ಎಂದೊಡನೆ ಎಲ್ಲವೂ ಮೋಸವೆಂದು ತಳ್ಳಿಹಾಕುವಂತಿಲ್ಲ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಬೇರ್ಪಡಿಸಿದ ಇನ್ಸುಲಿನ್ ಮರುವರ್ಷದಿಂದಲೇ ಮಧುಮೇಹಿಗಳ ಜೀವ ಉಳಿಸತೊಡಗಿತು. 1963ರಲ್ಲಿ ಅಮೆರಿಕದ ಬ್ರೂಸ್ ಮೆರಿಫೀಲ್ಡ್ ಅವರು ಸಣ್ಣ ರಾಳದ ಮಣಿಗಳ ಮೇಲೆ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಪೋಣಿಸುವ ವಿಧಾನವನ್ನು ಪ್ರಕಟಿಸಿದರು. ಅದಕ್ಕಾಗಿ ಅವರಿಗೆ 1984ರ ನೊಬೆಲ್ ಪ್ರಶಸ್ತಿ ದೊರೆಯಿತು. ಕಾರ್ಖಾನೆಯಲ್ಲಿ ಪೆಪ್ಟೈಡ್ ತಯಾರಿಸುವ ಇಂದಿನ ಉದ್ಯಮಕ್ಕೆ ಅದೇ ತಳಹದಿ.

ನಮ್ಮ ರಾಜ್ಯವೂ ಈ ಕ್ಷೇತ್ರದಲ್ಲಿ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ತನ್ನದೇ ಇನ್ಸುಲಿನ್ ಅನ್ನು ಮಾರುಕಟ್ಟೆಗೆ ತಂದಿತು. 2024ರಲ್ಲಿ ಅದರ ಲಿರಾಗ್ಲುಟೈಡ್ ಎಂಬ ಪೆಪ್ಟೈಡ್ ಔಷಧಕ್ಕೆ ಬ್ರಿಟನ್ನಿನ ನಿಯಂತ್ರಣ ಸಂಸ್ಥೆಯ ಅನುಮತಿ ದೊರೆಯಿತು. ಮೂಳೆ ಸವೆತಕ್ಕೆ ಕೊಡುವ 34 ಅಮೈನೋ ಆಮ್ಲಗಳ ಟೆರಿಪ್ಯಾರಟೈಡ್, ಮಧುಮೇಹ ಹಾಗೂ ಸ್ಥೂಲಕಾಯಕ್ಕೆ ಕೊಡುವ ಸೆಮಗ್ಲುಟೈಡ್ ಇವೆಲ್ಲ ಸಾವಿರಾರು ರೋಗಿಗಳ ಮೇಲೆ, ಹೋಲಿಕೆ ಗುಂಪುಗಳನ್ನಿಟ್ಟುಕೊಂಡು ವರ್ಷಗಟ್ಟಲೆ ಪರೀಕ್ಷಿಸಿದ ಬಳಿಕ ಹೊರಬಂದವು. ಇವುಗಳ ಗುಣವೂ ತಿಳಿದಿದೆ, ದೋಷವೂ ತಿಳಿದಿದೆ, ಯಾರಿಗೆ ಕೊಡಬಾರದೆಂಬುದೂ ತಿಳಿದಿದೆ. ವೈದ್ಯರ ಚೀಟಿಯ ಮೇರೆಗೆ ಪರವಾನಗಿ ಪಡೆದ ಅಂಗಡಿಯಲ್ಲಿ ಮಾರಬೇಕಾದ ಸರಕುಗಳಿವು.

ಚೇತರಿಕೆಯ ಹೆಸರಿನಲ್ಲಿ

ಸಮಸ್ಯೆ ಇರುವುದು ಇಂತಹ ಪರೀಕ್ಷೆಗಳನ್ನು ದಾಟದೆ ಅದೇ ಹೆಸರಿನ ನೆರಳಿನಲ್ಲಿ ಬರುವ ಪದಾರ್ಥಗಳಲ್ಲಿ. ಗಾಯ ಮಾಯಿಸುವುದೆಂದು ಹೇಳಲಾಗುವ ಬಿ.ಪಿ.ಸಿ.-157 ಇವುಗಳಲ್ಲಿ ಅತ್ಯಂತ ಪ್ರಚಾರ ಪಡೆದುದು. ಇದು 15 ಅಮೈನೋ ಆಮ್ಲಗಳ ಸರ. ಕ್ರೊಯೇಷಿಯಾ ದೇಶದ ಜಾಗ್ರೆಬ್‌ನ ಸಂಶೋಧಕರು ದಶಕಗಳಿಂದ ಇದರ ಬಗ್ಗೆ ಬರೆದಿದ್ದಾರೆ. ಇಲಿಗಳಲ್ಲಿ ಕತ್ತರಿಸಿದ ಸ್ನಾಯುರಜ್ಜು ಬೇಗ ಕೂಡಿಕೊಂಡುದನ್ನು ಅವರ ಪ್ರಯೋಗಗಳು ತೋರಿಸಿವೆ. ಆದರೆ ಮನುಷ್ಯರ ಮೇಲಿನ ಪ್ರಕಟಿತ ಅಧ್ಯಯನಗಳು ಬೆರಳೆಣಿಕೆಯಷ್ಟು. ಅವೂ ಕೆಲವೇ ಮಂದಿಯನ್ನು ಒಳಗೊಂಡವು. ಇಲಿಯಲ್ಲಿ ಫಲ ಕೊಟ್ಟ ಎಷ್ಟೋ ಪದಾರ್ಥಗಳು ಮನುಷ್ಯನಲ್ಲಿ ವಿಫಲವಾಗಿರುವುದು ಔಷಧ ಉದ್ಯಮದ ನಿತ್ಯದ ಅನುಭವ.

ಟಿ.ಬಿ.-500 ಎಂಬುದು ದೇಹದಲ್ಲಿರುವ ಥೈಮೋಸಿನ್ ಬೀಟಾ-4 ಎಂಬ ಪೆಪ್ಟೈಡಿನ ಒಂದು ತುಣುಕಿನ ಹೆಸರಿನಲ್ಲಿ ಮಾರಾಟವಾಗುತ್ತದೆ. ಇದು ಗಾಯದ ಭಾಗದಲ್ಲಿ ಹೊಸ ರಕ್ತನಾಳಗಳು ಬೆಳೆಯಲು ನೆರವಾಗುತ್ತದೆಂಬುದು ಮಾರುವವರ ವಾದ. ವಾದವನ್ನು ಒಪ್ಪಿದರೂ ಚಿಂತೆ ತಪ್ಪುವುದಿಲ್ಲ. ಏಕೆಂದರೆ ಗೆಡ್ಡೆಗಳೂ ಹೊಸ ರಕ್ತನಾಳಗಳನ್ನು ಸೆಳೆದುಕೊಂಡೇ ಬೆಳೆಯುತ್ತವೆ. ಪತ್ತೆಯಾಗದ ಕ್ಯಾನ್ಸರ್ ಇರುವ ವ್ಯಕ್ತಿಯಲ್ಲಿ ಇಂತಹ ಪದಾರ್ಥ ಏನು ಮಾಡೀತು ಎಂಬ ಪ್ರಶ್ನೆಗೆ ದೀರ್ಘಕಾಲದ ಮಾನವ ಪರೀಕ್ಷೆಗಳಿಲ್ಲದೆ ಉತ್ತರ ದೊರೆಯದು.

2023ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಬಿ.ಪಿ.ಸಿ.-157 ಸೇರಿದಂತೆ ಹಲವು ಪೆಪ್ಟೈಡ್‌ಗಳನ್ನು, ಔಷಧ ಅಂಗಡಿಗಳು ತಾವೇ ಮಿಶ್ರಣ ಮಾಡಿಕೊಟ್ಟರೆ ಗಂಭೀರ ಸುರಕ್ಷತಾ ಆತಂಕವಿರುವ ಪದಾರ್ಥಗಳ ವರ್ಗಕ್ಕೆ ಸೇರಿಸಿತು. ದೇಹದ ರೋಗನಿರೋಧಕ ವ್ಯವಸ್ಥೆ ಕೆರಳುವ ಸಾಧ್ಯತೆ ಮತ್ತು ತಯಾರಿಕೆಯಲ್ಲಿ ಉಳಿಯುವ ಕಲ್ಮಶಗಳು ಅದು ಮುಂದಿಟ್ಟ ಕಾರಣಗಳಲ್ಲಿ ಸೇರಿದ್ದವು. 2025ರ ಜುಲೈನಲ್ಲಿ ಅದೇ ದೇಶದ ಲಾಸ್ ವೇಗಸ್ ನಗರದಲ್ಲಿ ನಡೆದ ದೀರ್ಘಾಯುಷ್ಯ ಕುರಿತ ಸಮ್ಮೇಳನವೊಂದರಲ್ಲಿ ಪೆಪ್ಟೈಡ್ ಚುಚ್ಚುಮದ್ದು ಪಡೆದ ಇಬ್ಬರು ಮಹಿಳೆಯರು ತೀವ್ರ ಅಸ್ವಸ್ಥರಾಗಿ ಆಸ್ಪತ್ರೆ ಸೇರಿದರು.

ಮೈಸೂರು ಸೀಮೆಯಲ್ಲಿ ಗರಡಿ ಮನೆಗಳ ಪರಂಪರೆ ಇನ್ನೂ ಜೀವಂತವಾಗಿದೆ. ದಸರಾ ಕುಸ್ತಿಗೆ ಸಜ್ಜಾಗುವ ಪೈಲ್ವಾನರು, ಕಬಡ್ಡಿ ಆಟಗಾರರು, ಪೊಲೀಸ್ ಹಾಗೂ ಸೇನಾ ನೇಮಕಾತಿಗೆ ಓಡುವ ಯುವಕರು ಚೇತರಿಕೆಯ ಸರಕಿಗೆ ಸುಲಭವಾಗಿ ಒಲಿಯುವ ಗ್ರಾಹಕರು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾ, ಟಿ.ಬಿ.-500 ಮತ್ತು ಬೆಳವಣಿಗೆಯ ಹಾರ್ಮೋನನ್ನು ಪ್ರಚೋದಿಸುವ ಪೆಪ್ಟೈಡ್‌ಗಳನ್ನು ನಿಷೇಧಿಸಿದೆ, 2022ರಿಂದ ಬಿ.ಪಿ.ಸಿ.-157 ಕೂಡ ನಿಷೇಧಿತ ಪಟ್ಟಿಯಲ್ಲಿದೆ. ಯಾವ ದೇಶದ ಸರ್ಕಾರಿ ಆರೋಗ್ಯ ನಿಯಂತ್ರಣ ಸಂಸ್ಥೆಯೂ ಚಿಕಿತ್ಸೆಗೆ ಅನುಮೋದಿಸದ ಪದಾರ್ಥಗಳ ವರ್ಗದಲ್ಲಿ ಅದನ್ನು ಹೆಸರಿಸಲಾಗಿದೆ. ನಮ್ಮ ದೇಶದಲ್ಲಿ 2022ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯಿದೆಯೂ ಇದೆ. ಅಂಗಡಿಯವನ ಒಂದು ಸಲಹೆಯಿಂದ ಹುಡುಗನೊಬ್ಬನ ಕ್ರೀಡಾ ಬದುಕು ವರ್ಷಗಟ್ಟಲೆ ನಿಂತುಹೋಗಬಹುದು.

ದೀರ್ಘಾಯುಷ್ಯದ ಹೆಸರಿನಲ್ಲಿ

ಮನುಷ್ಯನ ಆಯುಷ್ಯವನ್ನು ಹೆಚ್ಚಿಸುತ್ತದೆಂದು ನಿಯಂತ್ರಿತ ಪರೀಕ್ಷೆಯಲ್ಲಿ ಸಾಬೀತಾದ ಪೆಪ್ಟೈಡ್ ಇದುವರೆಗೆ ಒಂದೂ ಇಲ್ಲ. ಈ ಮಾರುಕಟ್ಟೆಯ ಬೇರನ್ನು ಹುಡುಕಿದರೆ 1990ಕ್ಕೆ ಹೋಗಬೇಕಾಗುತ್ತದೆ. ಆ ವರ್ಷ ಅಮೆರಿಕದ ವೈದ್ಯ ಡೇನಿಯಲ್ ರುಡ್‌ಮನ್ ಮತ್ತು ಸಂಗಡಿಗರು 60 ದಾಟಿದ 12 ಪುರುಷರಿಗೆ ಆರು ತಿಂಗಳು ಬೆಳವಣಿಗೆಯ ಹಾರ್ಮೋನು ನೀಡಿ, ಮಾಂಸಖಂಡ ಹೆಚ್ಚಿ ಕೊಬ್ಬು ಇಳಿದುದನ್ನು ವರದಿ ಮಾಡಿದರು. ಅಷ್ಟರ ಮೇಲೆ ಯೌವನ ಮರಳಿಸುವ ಮದ್ದೆಂಬ ವ್ಯಾಪಾರವೇ ಎದ್ದು ನಿಂತಿತು. ನಂತರದ ಅಧ್ಯಯನಗಳಲ್ಲಿ ಮೈ ಬಾವು, ಕೀಲು ನೋವು, ಮಣಿಕಟ್ಟಿನ ನರದ ಒತ್ತಡ, ಸಕ್ಕರೆಯ ಏರುಪೇರು ಕಂಡುಬಂದವು. ಸಿ.ಜೆ.ಸಿ.-1295, ಇಪಮೊರೆಲಿನ್ ಮೊದಲಾದ ಇಂದಿನ ಪೆಪ್ಟೈಡ್‌ಗಳು ಇದೇ ಹಾರ್ಮೋನನ್ನು ದೇಹದಿಂದಲೇ ಹೆಚ್ಚು ಸ್ರವಿಸುವಂತೆ ಮಾಡುವಂತಹವು.

ಆದರೆ ಪ್ರಯೋಗಾಲಯದ ಸಾಕ್ಷ್ಯ ಬೇರೆ ದಿಕ್ಕಿಗೆ ಬೆರಳು ತೋರುತ್ತದೆ. ಹುಟ್ಟಿನಿಂದಲೇ ಬೆಳವಣಿಗೆಯ ಹಾರ್ಮೋನಿನ ಕೊರತೆಯಿರುವ ಏಮ್ಸ್ ತಳಿಯ ಕುಬ್ಜ ಇಲಿಗಳು ಸಾಮಾನ್ಯ ಇಲಿಗಳಿಗಿಂತ ಗಣನೀಯವಾಗಿ ಹೆಚ್ಚು ಕಾಲ ಬದುಕುವುದು 1996ರಲ್ಲಿಯೇ ವರದಿಯಾಗಿದೆ. ಆಯುಷ್ಯಕ್ಕಾಗಿ ಅದೇ ಹಾರ್ಮೋನನ್ನು ಏರಿಸಬೇಕೆಂಬ ಪ್ರಚಾರಕ್ಕೆ ಇದು ನೇರ ವಿರುದ್ಧವಾದುದು.

ಗ್ಲುಟಥಯೋನ್ ಹೆಸರನ್ನೂ ಇಲ್ಲಿ ಹೇಳಬೇಕು. ಮೂರು ಅಮೈನೋ ಆಮ್ಲಗಳ ಈ ಪೆಪ್ಟೈಡ್ ನಮ್ಮೆಲ್ಲರ ಜೀವಕೋಶಗಳಲ್ಲಿಯೂ ಇದೆ. ಚರ್ಮ ಬೆಳ್ಳಗಾಗಿಸುವುದೆಂದು ಇದನ್ನು ರಕ್ತನಾಳಕ್ಕೆ ಚುಚ್ಚುವ ರೂಢಿ ಏಷ್ಯಾದ ಹಲವೆಡೆ ಹಬ್ಬಿದೆ. ಫಿಲಿಪ್ಪೀನ್ಸ್ ದೇಶದ ಔಷಧ ಆಡಳಿತವು 2011ರಲ್ಲಿಯೇ ಇದರ ವಿರುದ್ಧ ಎಚ್ಚರಿಕೆ ನೀಡಿತು. ದೇಹದಲ್ಲಿಯೇ ಇರುವ ಪದಾರ್ಥ ಎಂದ ಮಾತ್ರಕ್ಕೆ ಅದನ್ನು ಹೊರಗಿನಿಂದ ಎಷ್ಟು ಬೇಕಾದರೂ ಸೇರಿಸಬಹುದೆಂಬ ಭಾವನೆ ತಪ್ಪು. ಇನ್ಸುಲಿನ್ ಕೂಡ ದೇಹದಲ್ಲಿರುವುದೇ; ಹೆಚ್ಚಾದರೆ ಪ್ರಾಣಕ್ಕೆ ಅಪಾಯ.

ಸೀಸೆಯೊಳಗೇನಿದೆ?

ತಯಾರಿಕೆಯ ಲೆಕ್ಕಾಚಾರವನ್ನು ಸಣ್ಣ ಉದ್ಯಮಿಗಳು ಬೇಗನೆ ಗ್ರಹಿಸಬಲ್ಲರು. 15 ಮಣಿಗಳ ಸರ ಪೋಣಿಸಲು 14 ಜೋಡಣೆಗಳು ಬೇಕು. ಪ್ರತಿ ಜೋಡಣೆಯೂ ಶೇ. 99ರಷ್ಟು ಯಶಸ್ವಿಯಾಯಿತೆಂದರೂ ಕೊನೆಗೆ ಸರಿಯಾದ ಸರ ದೊರೆಯುವುದು ಶೇ. 87ರಷ್ಟು ಮಾತ್ರ. ಯಶಸ್ಸು ಶೇ. 98ಕ್ಕೆ ಇಳಿದರೆ ಅದು ಶೇ. 75ಕ್ಕೆ ಕುಸಿಯುತ್ತದೆ. ಉಳಿದುದೆಲ್ಲ ಅರೆಬರೆ ಸರಗಳು. ಇವು ಮೂಲ ಪದಾರ್ಥವನ್ನೇ ಹೋಲುವುದರಿಂದ ಬೇರ್ಪಡಿಸುವುದು ಕಷ್ಟ ಹಾಗೂ ದುಬಾರಿ. ಅಗ್ಗದ ಸರಕಿನಲ್ಲಿ ಮೊದಲು ಕತ್ತರಿ ಬೀಳುವುದು ಈ ಶುದ್ಧೀಕರಣದ ಖರ್ಚಿಗೆ.

‘ಶೇ. 99 ಶುದ್ಧ’ ಎಂಬ ಪ್ರಯೋಗಾಲಯದ ಹಾಳೆಯನ್ನು ತೋರಿಸಿದರೆ ಸಾಲದು. ಆ ಅಂಕಿಯು ಪುಡಿಯಲ್ಲಿರುವ ಪೆಪ್ಟೈಡ್ ಅಂಶದಲ್ಲಿ ಸರಿಯಾದ ಸರದ ಪಾಲೆಷ್ಟು ಎಂಬುದನ್ನಷ್ಟೇ ಹೇಳುತ್ತದೆ. ಅದರಲ್ಲಿ ಲವಣ ಮತ್ತು ತೇವಾಂಶ ಎಷ್ಟಿದೆ, ಸೂಕ್ಷ್ಮಜೀವಿಗಳಿವೆಯೇ, ಬ್ಯಾಕ್ಟೀರಿಯಾಗಳು ಸತ್ತ ಬಳಿಕವೂ ಉಳಿಯುವ ನಂಜಿನ ಅಂಶವಿದೆಯೇ ಎಂಬುದನ್ನು ಹೇಳುವುದಿಲ್ಲ. ಕೊನೆಯದು ಕುದಿಸಿದರೂ ಸುಲಭವಾಗಿ ನಾಶವಾಗದು. ರಕ್ತಕ್ಕೆ ಸೇರಿದರೆ ತೀವ್ರ ಜ್ವರ, ರಕ್ತದೊತ್ತಡದ ಕುಸಿತ ಉಂಟಾಗಬಹುದು. ಆದುದರಿಂದಲೇ ಚುಚ್ಚುಮದ್ದಿನ ಕಾರ್ಖಾನೆಗಳಲ್ಲಿ ಪ್ರತಿ ಬ್ಯಾಚಿಗೂ ಇದರ ಪರೀಕ್ಷೆ ನಡೆಯುತ್ತದೆ.

ಪ್ರಮಾಣದ ತೊಡಕು ಇನ್ನೊಂದು. ಒಣಪುಡಿಯ ಸೀಸೆಗೆ ಗ್ರಾಹಕನೇ ನೀರು ಬೆರೆಸಿಕೊಳ್ಳಬೇಕು. 5 ಮಿ.ಗ್ರಾಂ. ಪುಡಿಗೆ 2 ಮಿ.ಲೀ. ನೀರು ಬೆರೆಸಿದರೆ ಇನ್ಸುಲಿನ್ ಸಿರಿಂಜಿನ 10 ಗೆರೆಗಳಲ್ಲಿ, ಅಂದರೆ 0.1 ಮಿ.ಲೀ.ನಲ್ಲಿ, 250 ಮೈಕ್ರೋಗ್ರಾಂ ಇರುತ್ತದೆ. 1 ಮಿ.ಲೀ. ನೀರನ್ನಷ್ಟೇ ಬೆರೆಸಿದರೆ ಅದೇ 10 ಗೆರೆಗಳಲ್ಲಿ 500 ಮೈಕ್ರೋಗ್ರಾಂ. ಸೀಸೆಯಿಂದ ತಾವೇ ಅಳೆದು ಸೆಮಗ್ಲುಟೈಡ್ ಚುಚ್ಚಿಕೊಂಡ ಕೆಲವರು ಉದ್ದೇಶಿತ ಪ್ರಮಾಣದ 5ರಿಂದ 20 ಪಟ್ಟು ಹೆಚ್ಚು ತೆಗೆದುಕೊಂಡು ಆಸ್ಪತ್ರೆ ಸೇರಿದ ಪ್ರಕರಣಗಳನ್ನು ಅಮೆರಿಕದ ಆಡಳಿತ 2024ರಲ್ಲಿ ಪ್ರಕಟಿಸಿತು.

ಪೆಪ್ಟೈಡ್ ಔಷಧಗಳನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಲೂ ಬಾರದು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಬಸ್ಸಿನ ಪಾರ್ಸೆಲ್ ಆಗಿ ಬಂದ, ವಿದ್ಯುತ್ ಕಡಿತದ ವೇಳೆ ಬದಲಿ ವ್ಯವಸ್ಥೆಯಿಲ್ಲದ ಫ್ರಿಜ್ಜಿನಲ್ಲಿ ಕುಳಿತ ಸರಕು ನೋಡಲು ಹಾಗೆಯೇ ಇದ್ದರೂ ಸತ್ವ ಕಳೆದುಕೊಂಡಿರಬಹುದು. ಇನ್ನು ನಕಲಿಯ ಕಾಟ ಬೇರೆ. ಬ್ರೆಜಿಲ್, ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಪತ್ತೆಯಾದ ನಕಲಿ ಸೆಮಗ್ಲುಟೈಡ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲಿ ಎಚ್ಚರಿಕೆ ಹೊರಡಿಸಿತು.

ಕಾಲಜನ್ ಪುಡಿಯ ಮಾತು

ಚುಚ್ಚುಮದ್ದಿನಷ್ಟು ಅಪಾಯವಿಲ್ಲದ, ಸಾಮಾನ್ಯ ವರ್ತಕರ ಕೈಗೆ ಹೆಚ್ಚಾಗಿ ಬರುವ ಸರಕೆಂದರೆ ಕಾಲಜನ್ ಪೆಪ್ಟೈಡ್. ಪ್ರಾಣಿಗಳ ಚರ್ಮ, ಮೂಳೆ ಅಥವಾ ಮೀನಿನ ಚರ್ಮ, ಹುರುಪೆಗಳಲ್ಲಿರುವ ಕಾಲಜನ್ ಪ್ರೋಟೀನನ್ನು ಕಿಣ್ವಗಳಿಂದ ತುಂಡರಿಸಿ ಈ ಪುಡಿಯನ್ನು ತಯಾರಿಸುತ್ತಾರೆ. ಆಹಾರವಾಗಿ ಇದು ಬಹುತೇಕ ಆರೋಗ್ಯವಂತರಿಗೆ ನಿರಪಾಯಕಾರಿ. ಮೀನಿನ ಅಲರ್ಜಿ ಇರುವವರು ಮತ್ತು ಮೂತ್ರಪಿಂಡದ ರೋಗಿಗಳು ವೈದ್ಯರನ್ನು ಕೇಳಬೇಕು.

ಫಲದ ವಿಚಾರದಲ್ಲಿ ಸಾಕ್ಷ್ಯ ಮಿಶ್ರವಾಗಿದೆ. ಕೀಲು ನೋವು ಮತ್ತು ಚರ್ಮದ ತೇವ ಸ್ವಲ್ಪ ಸುಧಾರಿಸಿದುದನ್ನು ಕೆಲವು ಪರೀಕ್ಷೆಗಳು ತೋರಿಸಿವೆ. ಆದರೆ ಚರ್ಮದ ಬಗೆಗಿನ 23 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದ 2025ರ ವಿಶ್ಲೇಷಣೆಯೊಂದು, ಕಂಪನಿಗಳ ಹಣದ ನೆರವಿಲ್ಲದೆ ನಡೆದ ಪರೀಕ್ಷೆಗಳಲ್ಲಿ ಗಮನಾರ್ಹ ಪ್ರಯೋಜನ ಕಾಣಲಿಲ್ಲವೆಂದು ತಿಳಿಸಿತು. ಗ್ರಾಹಕನಿಗೆ ಇಷ್ಟನ್ನು ಪ್ರಾಮಾಣಿಕವಾಗಿ ಹೇಳಿ ಮಾರಿದರೆ ತಪ್ಪಿಲ್ಲ.

ನಮ್ಮ ಭಾಗದ ವರ್ತಕರು ಗಮನಿಸಲೇಬೇಕಾದ ಇನ್ನೊಂದು ಅಂಶವಿದೆ. ಕಾಲಜನ್ ಪ್ರಾಣಿಜನ್ಯ ಪದಾರ್ಥ. ಗಿಡಗಳಲ್ಲಿ ಅದು ಇಲ್ಲ. ‘ಸಸ್ಯಾಹಾರಿ ಕಾಲಜನ್’ ಎಂದು ಬರುವ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು ಸಿ ಜೀವಸತ್ವ, ಅಮೈನೋ ಆಮ್ಲ ಮೊದಲಾದ ಪೂರಕಗಳು. ಡಬ್ಬಿಯ ಮೇಲಿನ ಹಸಿರು ಅಥವಾ ಕಂದು ಗುರುತನ್ನು ನೋಡದೆ ಸಸ್ಯಾಹಾರಿ ಕುಟುಂಬವೊಂದಕ್ಕೆ ಮೀನಿನ ಅಥವಾ ದನದ ಕಾಲಜನ್ ಮಾರಿದರೆ, ಕಳೆದುಕೊಳ್ಳುವುದು ಒಬ್ಬ ಗ್ರಾಹಕನನ್ನಲ್ಲ, ಇಡೀ ಬೀದಿಯ ವಿಶ್ವಾಸವನ್ನು.

ರೇಷ್ಮೆಯಲ್ಲಿರುವ ಅವಕಾಶ

ಪೆಪ್ಟೈಡ್ ವ್ಯಾಪಾರದಲ್ಲಿ ಈ ಸೀಮೆಗೆ ಸಹಜವಾದ ಮಾರ್ಗವೊಂದಿದ್ದರೆ ಅದು ರೇಷ್ಮೆಯದು. ಗೂಡಿನ ತೂಕದ ರೇಷ್ಮೆ ಭಾಗದಲ್ಲಿ ಶೇ. 70-80ರಷ್ಟು ಫೈಬ್ರಾಯಿನ್ ಎಂಬ ಎಳೆಯ ಪ್ರೋಟೀನು. ಉಳಿದುದರಲ್ಲಿ ಬಹುಪಾಲು ಸೆರಿಸಿನ್ ಎಂಬ ಅಂಟು. ಬಿಸಿನೀರು, ಸಾಬೂನುಗಳಲ್ಲಿ ನೂಲಿನ ಅಂಟು ತೆಗೆಯುವಾಗ ಈ ಸೆರಿಸಿನ್ ನೀರಿನೊಡನೆ ಹರಿದು ಚರಂಡಿ ಸೇರುತ್ತದೆ. ಜೊತೆಗೆ ತ್ಯಾಜ್ಯ ನೀರಿನ ಹೊರೆಯನ್ನೂ ಹೆಚ್ಚಿಸುತ್ತದೆ. ಇದನ್ನು ಹಿಡಿದಿಟ್ಟು ಶುದ್ಧೀಕರಿಸಿ, ಕಿಣ್ವ ಅಥವಾ ಶಾಖದಿಂದ ತುಂಡರಿಸಿದಾಗ ದೊರೆಯುವುದೇ ರೇಷ್ಮೆ ಪೆಪ್ಟೈಡ್. ತೇವಾಂಶ ಹಿಡಿದಿಡುವ ಗುಣವಿರುವುದರಿಂದ ಮುಖಲೇಪನ, ಶಾಂಪೂ, ಸಾಬೂನುಗಳಲ್ಲಿ ಇದರ ಬಳಕೆಯಿದೆ.

ಮೈಸೂರಿನಲ್ಲಿ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ, 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಬೆಂಗಳೂರಿನಲ್ಲಿ ಕೇಂದ್ರೀಯ ರೇಷ್ಮೆ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇವೆ. ಉದ್ಯಮಿಗಳು ತಾಂತ್ರಿಕ ಮಾರ್ಗದರ್ಶನಕ್ಕಾಗಿ ಮೊದಲು ತಟ್ಟಬೇಕಾದ ಬಾಗಿಲುಗಳಿವು. ಆದರೆ ಇಲ್ಲಿಯೂ ಮಿತಿ ತಿಳಿದಿರಬೇಕು. ಚರ್ಮದ ಮೇಲೆ ಹಚ್ಚುವ ರೇಷ್ಮೆ ಪೆಪ್ಟೈಡ್ ತೇವ ಕಾಪಾಡುತ್ತದೆ ಎನ್ನಬಹುದು. ಚರ್ಮರೋಗ ವಾಸಿಮಾಡುತ್ತದೆ ಎಂದರೆ ಅದು ಔಷಧದ ಹಕ್ಕುಸಾಧನೆಯಾಗುತ್ತದೆ. ಗೂಡಿನೊಳಗಿನ ಪ್ಯೂಪದಲ್ಲಿ ಒಣ ತೂಕದ ಅರ್ಧಕ್ಕೂ ಹೆಚ್ಚು ಪ್ರೋಟೀನು ಇರುವುದು ನಿಜ. ಆದರೂ ಅದನ್ನು ಮನುಷ್ಯರ ಆಹಾರವಾಗಿ ಮಾರುವ ಮುನ್ನ ಆಹಾರ ಪ್ರಾಧಿಕಾರದ ಅನುಮತಿಯನ್ನು ವಿಚಾರಿಸಬೇಕು. ಕೆಲವರಿಗೆ ಅದು ತೀವ್ರ ಅಲರ್ಜಿ ಉಂಟುಮಾಡುತ್ತದೆ.

ಕಾನೂನಿನ ಮೂರು ಬಾಗಿಲು

ಆಹಾರವಾಗಿ ಮಾರುವ ಪೆಪ್ಟೈಡ್‌ಗೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಅನ್ವಯಿಸುತ್ತದೆ. ಡಬ್ಬಿಯ ಮೇಲೆ 14 ಅಂಕಿಗಳ ಪರವಾನಗಿ ಸಂಖ್ಯೆ ಇರಬೇಕು. ಆರೋಗ್ಯ ಪೂರಕಗಳ ಮೇಲೆ ‘ಔಷಧೀಯ ಬಳಕೆಗಲ್ಲ’ ಎಂಬ ಸೂಚನೆ ಕಡ್ಡಾಯ. ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ.

ಮೈಗೆ ಹಚ್ಚುವ ಪೆಪ್ಟೈಡ್ ಲೇಪನದ ತಯಾರಿಕೆಗೆ 2020ರ ಸೌಂದರ್ಯವರ್ಧಕ ನಿಯಮಗಳಡಿ ಪರವಾನಗಿ ಬೇಕು. ವಿದೇಶದಿಂದ ತಂದ ಸರಕಾದರೆ ಆಮದು ನೋಂದಣಿ ಸಂಖ್ಯೆ ಇರಬೇಕು.

ರೋಗ ವಾಸಿಮಾಡಲು ಅಥವಾ ತಡೆಯಲು ಬಳಸುವ ಪದಾರ್ಥ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯಿದೆಯ ಪ್ರಕಾರ ಔಷಧ. ದೇಶದಲ್ಲಿ ಹಿಂದೆ ಬಳಕೆಯಲ್ಲಿಲ್ಲದ ಹೊಸ ಔಷಧವಾದರೆ 2019ರ ನಿಯಮಗಳಂತೆ ಭಾರತದ ಔಷಧ ಮಹಾನಿಯಂತ್ರಕರ ಅನುಮತಿಯೂ ಬೇಕು. ಪರವಾನಗಿಯಿಲ್ಲದೆ ಔಷಧ ಮಾರಿದವರಿಗೆ ಕನಿಷ್ಠ 3 ವರ್ಷ, ಗರಿಷ್ಠ 5 ವರ್ಷ ಸೆರೆವಾಸ ಹಾಗೂ ಕನಿಷ್ಠ 1 ಲಕ್ಷ ರೂಪಾಯಿ ದಂಡ, ಅಥವಾ ಜಪ್ತಿಯಾದ ಸರಕಿನ ಮೌಲ್ಯದ ಮೂರು ಪಟ್ಟು, ಇವೆರಡರಲ್ಲಿ ಹೆಚ್ಚಿನದನ್ನು ವಿಧಿಸಬಹುದು. ‘ಸಂಶೋಧನೆಗೆ ಮಾತ್ರ, ಮಾನವ ಬಳಕೆಗಲ್ಲ’ ಎಂಬ ಚೀಟಿ ಅಂಟಿಸಿದ ಸೀಸೆಯನ್ನು ಸಿರಿಂಜಿನೊಡನೆ ವ್ಯಾಯಾಮ ಶಾಲೆಗೆ ಮಾರಿದರೆ ಆ ಚೀಟಿ ಮಾರಿದವನನ್ನು ಕಾಪಾಡುತ್ತದೆಂದು ನಂಬುವಂತಿಲ್ಲ.

ಔಷಧ ನಿಯಮಗಳ ಅನುಸೂಚಿ ‘ಜೆ’ಯಲ್ಲಿ, ಯಾವ ಔಷಧವೂ ಗುಣಪಡಿಸುವೆನೆಂದು ಹೇಳಿಕೊಳ್ಳಬಾರದ ಸ್ಥಿತಿಗಳ ಪಟ್ಟಿಯಿದೆ. ಅಕಾಲ ವೃದ್ಧಾಪ್ಯ, ಪುನರ್ಯೌವನ ನೀಡುವ ಶಕ್ತಿ, ಚರ್ಮದ ಬಿಳುಪು ಇವು ಆ ಪಟ್ಟಿಯಲ್ಲಿವೆ. ಎಂದರೆ ದೀರ್ಘಾಯುಷ್ಯದ ಪೆಪ್ಟೈಡ್ ಪ್ರಚಾರದ ಮುಖ್ಯ ಮಾತುಗಳೇ ನಿಯಮಕ್ಕೆ ವಿರುದ್ಧ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ತಯಾರಕ ಯಾರೆಂದು ತಿಳಿಯದ ಸರಕಿನಿಂದ ಹಾನಿಯಾದರೆ ಪರಿಹಾರದ ಹೊಣೆ ಮಾರಾಟಗಾರನ ತಲೆಗೇ ಬರಬಹುದು.

ಕಾನೂನು ಪ್ರಾಮಾಣಿಕ ವರ್ತಕನಿಗೆ ರಕ್ಷಣೆಯನ್ನೂ ಕೊಟ್ಟಿದೆ. ಪರವಾನಗಿ ಹೊಂದಿದ ತಯಾರಕ ಅಥವಾ ವಿತರಕನಿಂದಲೇ ಔಷಧ ಕೊಂಡಿದ್ದು, ಅದರಲ್ಲಿ ದೋಷವಿರುವುದು ಯುಕ್ತ ಎಚ್ಚರಿಕೆ ವಹಿಸಿದರೂ ತನಗೆ ತಿಳಿಯುವಂತಿರಲಿಲ್ಲವೆಂದೂ, ಬಂದ ಸ್ಥಿತಿಯಲ್ಲಿಯೇ ಸರಿಯಾಗಿ ಕಾಪಾಡಿದ್ದೆನೆಂದೂ ತೋರಿಸಬಲ್ಲವನಿಗೆ ಸರಕಿನ ದೋಷದ ಹೊಣೆಯಿಂದ ಬಿಡುಗಡೆಯುಂಟು. ಈ ರಕ್ಷಣೆ ನಿಂತಿರುವುದು ಬಿಲ್ಲು ಮತ್ತು ತಾಪಮಾನದ ದಾಖಲೆಗಳ ಮೇಲೆ. ಬಿಲ್ಲಿಲ್ಲದೆ ಕೊಂಡವನಿಗೆ ಇದು ದೊರೆಯದು.

ಸರಕು ಕೊಳ್ಳುವ ಮುನ್ನ

1. ಇದು ನುಂಗುವುದೋ, ಹಚ್ಚುವುದೋ, ಚುಚ್ಚುವುದೋ ಎಂದು ಮೊದಲು ಕೇಳಬೇಕು. ಚುಚ್ಚುವುದಾದರೆ ಔಷಧ ಪರವಾನಗಿ ಇಲ್ಲದವರು ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಬೇಕು.

2. ತಯಾರಕರ ಪೂರ್ಣ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಕೆ ಮತ್ತು ಮುಕ್ತಾಯದ ದಿನಾಂಕ ಇಲ್ಲದ ಯಾವ ಸರಕನ್ನೂ ಕೊಳ್ಳಬಾರದು.

3. ಪ್ರತಿ ಖರೀದಿಗೂ ತೆರಿಗೆ ಬಿಲ್ಲು ಪಡೆದು ಕಾಪಾಡಬೇಕು. ತಂಪಿನಲ್ಲಿಡಬೇಕಾದ ಔಷಧಗಳಿಗೆ ದಿನಕ್ಕೆರಡು ಬಾರಿ ತಾಪಮಾನ ಬರೆದಿಡುವುದು ಒಳ್ಳೆಯದು.

4. ಕಂಪನಿಯವರು ಕೊಟ್ಟ ಭಿತ್ತಿಪತ್ರವನ್ನು ಓದದೆ ಅಂಗಡಿಯಲ್ಲಿ ತೂಗುಹಾಕಬಾರದು.

5. ಕ್ರೀಡಾಪಟುಗಳಿಗೆ ಪೂರಕ ಮಾರುವಾಗ ನಿಷೇಧಿತ ಪಟ್ಟಿಯ ವಿಚಾರವನ್ನು ತಿಳಿಸಬೇಕು.

6. ಸಂಶಯ ಬಂದಾಗ ಮೈಸೂರಿನ ಔಷಧ ನಿಯಂತ್ರಣ ಅಥವಾ ಆಹಾರ ಸುರಕ್ಷತಾ ಅಧಿಕಾರಿಗಳನ್ನು ಕೇಳಿ ಮುಂದುವರಿಯುವುದು ಕ್ಷೇಮ.

ಸೆಮಗ್ಲುಟೈಡ್‌ನ ಭಾರತೀಯ ಪೇಟೆಂಟ್ 2026ರ ಮಾರ್ಚ್‌ವರೆಗಿನದು. ಪೇಟೆಂಟ್ ಮುಗಿದ ಔಷಧಕ್ಕೆ ಹಲವು ತಯಾರಕರು ಬರುತ್ತಾರೆ, ಬೆಲೆ ಇಳಿಯುತ್ತದೆ, ಪೆಪ್ಟೈಡ್ ಎಂಬ ಹೆಸರು ಇನ್ನಷ್ಟು ಜನರ ಬಾಯಿಗೆ ಬರುತ್ತದೆ. ಅದರ ಬೆನ್ನಿಗೇ ಪರೀಕ್ಷೆಯಿಲ್ಲದ ಸರಕೂ ಬರುವುದು ಖಚಿತ. ಔಷಧವನ್ನು ಔಷಧವಾಗಿಯೂ, ಆಹಾರವನ್ನು ಆಹಾರವಾಗಿಯೂ, ಲೇಪನವನ್ನು ಲೇಪನವಾಗಿಯೂ ಬೇರೆ ಬೇರೆಯಾಗಿಟ್ಟು ವ್ಯವಹರಿಸುವ ವರ್ತಕನಿಗೆ ಈ ಮಾರುಕಟ್ಟೆಯಲ್ಲಿ ಭಯವಿಲ್ಲ. ಮೂರನ್ನೂ ಒಂದೇ ಕಪಾಟಿನಲ್ಲಿ ಬೆರೆಸಿದವನಿಗೆ ಬರುವ ಲಾಭ ಒಂದು ತಪಾಸಣೆಯವರೆಗೆ ಅಥವಾ ಒಬ್ಬ ಗ್ರಾಹಕ ಆಸ್ಪತ್ರೆ ಸೇರುವವರೆಗೆ ಮಾತ್ರ.